ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್, ಮೂರು ಬಗೆಯ ಹರಳು: ಗಡಸು ನೀರಿನ ಊರಿನವರು ಮಾಡಿ ನೋಡಬಹುದಾದ ಪ್ರಯೋಗ

ಮಾಲೂರಿನಿಂದ ಶ್ರೀನಿವಾಸಪುರದವರೆಗೆ, ಬೋರ್‌ವೆಲ್ ನೀರು ಬಳಸುವ ಮನೆಗಳ ಸೋಲಾರ್ ಟ್ಯಾಂಕ್ ಬಿಚ್ಚಿದರೆ ಒಳಗೆ ಬಿಳಿ ಪದರ ಸಿಗುವುದು ಹೊಸದೇನಲ್ಲ. ಟೊಮೆಟೊ ತೋಟದ ಡ್ರಿಪ್ ಪೈಪಿನ ತುದಿ ಬಿಚ್ಚಿ ತಟ್ಟಿದರೂ ಅಂಥದ್ದೇ ಬಿಳಿ ಪುಡಿ ಉದುರುತ್ತದೆ. ಎರಡೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಎರಡರ ಮೇಲೂ ವಿನೆಗರ್ ಹನಿ ಬಿದ್ದರೆ ನೊರೆ ಏಳುತ್ತದೆ. ಆದರೂ ಎರಡೂ ಒಂದೇ ಹರಳು ಎಂದು ಹೇಳುವಂತಿಲ್ಲ. ತಣ್ಣನೆಯ ಪೈಪಿನಲ್ಲಿ ಹುಟ್ಟಿದ್ದು ಕ್ಯಾಲ್ಸೈಟ್ ಆಗಿರುವ ಸಾಧ್ಯತೆ ಹೆಚ್ಚು. ಬಿಸಿ ಟ್ಯಾಂಕಿನಲ್ಲಿ ಹುಟ್ಟಿದ್ದು ಅರಗೊನೈಟ್ ಆಗಿರಬಹುದು.

ಸೂತ್ರ ಒಂದೇ ಇದ್ದು ಒಳಗಿನ ಪರಮಾಣುಗಳ ಜೋಡಣೆ ಬೇರೆಯಾದರೆ ಅಂಥ ಹರಳುಗಳನ್ನು ಬಹುರೂಪಗಳು ಎನ್ನುತ್ತಾರೆ. ಕ್ಯಾಲ್ಸೈಟ್‌ನಲ್ಲಿ ಪ್ರತಿ ಕ್ಯಾಲ್ಸಿಯಂ ಅಯಾನಿನ ಸುತ್ತ 6 ಆಮ್ಲಜನಕಗಳಿದ್ದರೆ ಅರಗೊನೈಟ್‌ನಲ್ಲಿ 9 ಇರುತ್ತವೆ. ಹಾಗಾಗಿ ಅರಗೊನೈಟ್ ಹೆಚ್ಚು ಒತ್ತಾಗಿರುತ್ತದೆ: ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 2.93 ಗ್ರಾಂ, ಕ್ಯಾಲ್ಸೈಟ್‌ನದು 2.71. ಮೂರನೆಯದು ವ್ಯಾಟರೈಟ್, ಮೂರರಲ್ಲೂ ಹಗುರ, ಬಾಳಿಕೆಯಲ್ಲೂ ಹಿಂದೆ. ನಾವು ಬದುಕುವ ಉಷ್ಣಾಂಶ ಮತ್ತು ಒತ್ತಡದಲ್ಲಿ ಗಟ್ಟಿಯಾಗಿ ನಿಲ್ಲುವ ರೂಪ ಕ್ಯಾಲ್ಸೈಟ್ ಒಂದೇ.

ಹಾಗಿದ್ದರೆ ಉಳಿದೆರಡು ಹುಟ್ಟುವುದಾದರೂ ಏಕೆ? ದ್ರಾವಣದಿಂದ ಮೊದಲು ಹೊರಬರುವುದು ಎಲ್ಲಕ್ಕಿಂತ ಸ್ಥಿರವಾದ ರೂಪವಲ್ಲ, ಸುಲಭವಾಗಿ ಹುಟ್ಟಬಲ್ಲ ರೂಪ ಎಂದು ರಸಾಯನಶಾಸ್ತ್ರಜ್ಞ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ 1897ರಲ್ಲಿ ಹೇಳಿದ. ಆಮೇಲೆ ಅದು ಕರಗಿ ಹೆಚ್ಚು ಸ್ಥಿರವಾದದ್ದಕ್ಕೆ ದಾರಿ ಬಿಡುತ್ತದೆ. ಇದು ಎಲ್ಲ ಕಡೆಯೂ ನಡೆಯುವ ಕಟ್ಟುನಿಟ್ಟಿನ ನಿಯಮವಲ್ಲ, ಆದರೆ ಕೆಳಗಿನ ಮೊದಲ ಪ್ರಯೋಗದಲ್ಲಿ ಕಣ್ಣೆದುರೇ ನಡೆಯುತ್ತದೆ. ಹುಟ್ಟುವಾಗ ಬಿಸಿ ಎಷ್ಟಿತ್ತು, ಎಷ್ಟು ಅವಸರವಾಯಿತು, ನೀರಿನಲ್ಲಿ ಜೊತೆಗೆ ಇನ್ನೇನಿತ್ತು, ಹರಳನ್ನು ಯಾವ ಹೊತ್ತಿಗೆ ಹೊರತೆಗೆದಿರಿ ಎಂಬ ನಾಲ್ಕು ಸಂಗತಿಗಳು ಸೇರಿ ಕೈಗೆ ಯಾವ ರೂಪ ಸಿಗಬೇಕೆಂದು ತೀರ್ಮಾನಿಸುತ್ತವೆ. ಈ ನಾಲ್ಕನ್ನೂ ಬರೆದಿಡದ ಪ್ರಯೋಗವನ್ನು ಮಾಡದಿದ್ದರೂ ನಡೆಯುತ್ತದೆ.

ಏನೇನು ಬೇಕು

ಪಿಯು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬ್ ಇದ್ದರೆ ಎಲ್ಲವೂ ಅಲ್ಲೇ ಸಿಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್, ಸೋಡಿಯಂ ಕಾರ್ಬೊನೇಟ್, ಅಡುಗೆ ಸೋಡಾ, ಮೆಗ್ನೀಸಿಯಂ ಕ್ಲೋರೈಡ್, ಥರ್ಮಾಮೀಟರ್, ಫಿಲ್ಟರ್ ಪೇಪರ್, ಗಾಜಿನ ಸ್ಲೈಡ್, ಜೀವಶಾಸ್ತ್ರದವರ ಮೈಕ್ರೋಸ್ಕೋಪ್. ನೀರು ಮಾತ್ರ ನಲ್ಲಿಯದ್ದಾಗಲಿ ಬೋರ್‌ನದ್ದಾಗಲಿ ಬೇಡ. ಲ್ಯಾಬಿನ ಡಿಸ್ಟಿಲ್ಡ್ ವಾಟರ್ ಇಲ್ಲದಿದ್ದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ತನ್ನಿ. ಊರಿನ ಶುದ್ಧ ನೀರಿನ ಘಟಕದ ನೀರೂ ಪರವಾಗಿಲ್ಲ ಅನ್ನಿಸಬಹುದು, ಆದರೆ ಅದರಲ್ಲಿ ಸ್ವಲ್ಪ ಲವಣ ಉಳಿದಿರುತ್ತದೆ. ಈ ಆಟದಲ್ಲಿ ಆ ಸ್ವಲ್ಪವೂ ಲೆಕ್ಕಕ್ಕೆ ಬರುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ಸಿಗದಿದ್ದರೆ ಗೊಬ್ಬರದ ಅಂಗಡಿಗೆ ಹೋಗಿ. ಟೊಮೆಟೊಗೆ ಡ್ರಿಪ್‌ನಲ್ಲಿ ಬಿಡುವ ಕ್ಯಾಲ್ಸಿಯಂ ನೈಟ್ರೇಟ್ ಕೋಲಾರ, ಚಿಂತಾಮಣಿ ಕಡೆ ಸುಲಭವಾಗಿ ಸಿಗುತ್ತದೆ. ಅದರ ನೂರು ಗ್ರಾಂನಲ್ಲಿ 18ರಿಂದ 19 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಒಂದಿಷ್ಟು ಅಮೋನಿಯಂ ಕೂಡ ಸೇರಿರುವುದರಿಂದ ಸೋಡಿಯಂ ಕಾರ್ಬೊನೇಟ್‌ನೊಂದಿಗೆ ಬಿಸಿಯಾದಾಗ ಮೂಗಿಗೆ ಅಡರುವ ವಾಸನೆ ಬರುತ್ತದೆ, ಕಿಟಕಿ ತೆರೆದಿರಲಿ. ಅದೇ ಅಂಗಡಿಯವರು ಮೆಗ್ನೀಸಿಯಂಗೆ ಎಂದು ಮೆಗ್ನೀಸಿಯಂ ಸಲ್ಫೇಟ್ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಸೇರಿದರೆ ಜಿಪ್ಸಮ್ ಹರಳುಗಟ್ಟಬಹುದು. ಜಿಪ್ಸಮ್ ಸಹ ಸೂಜಿಯಾಗಿಯೇ ಬೆಳೆಯುವುದರಿಂದ ಮೈಕ್ರೋಸ್ಕೋಪಿನಲ್ಲಿ ನೋಡಿದವರು ಅರಗೊನೈಟ್ ಸಿಕ್ಕಿತೆಂದು ಸಂಭ್ರಮಿಸುತ್ತಾರೆ. ಅನುಮಾನ ಬಂದರೆ ವಿನೆಗರ್ ಹಾಕಿ: ಜಿಪ್ಸಮ್ ನೊರೆ ಬಿಡುವುದಿಲ್ಲ.

ಅಡುಗೆಮನೆಯ ಪಾತ್ರೆ ಬಳಸಬೇಡಿ. ಬಳಸುವ ಗಾಜಿನ ಸಾಮಾನನ್ನೆಲ್ಲ ಮೊದಲು ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಬ್ಯಾಟರಿ ನೀರಿನಲ್ಲಿ ಎರಡು ಸಲ ಜಾಲಿಸಿ. ಇದು ಬರೀ ಶುಚಿತ್ವದ ಮಾತಲ್ಲ. ಬೀಕರಿನ ಗೀರಿನಲ್ಲಿ ಹಳೆಯ ಕ್ಯಾಲ್ಸೈಟ್‌ನ ಕಣ್ಣಿಗೆ ಕಾಣದ ಚೂರೊಂದು ಉಳಿದಿದ್ದರೆ ಸಾಕು, ಅದೇ ಬೀಜವಾಗಿ ಹೊಸ ಹರಳುಗಳನ್ನೂ ತನ್ನ ದಾರಿಗೇ ಎಳೆಯುತ್ತದೆ. ಔಷಧಿ ಕಂಪನಿಗಳು ಈ ಪಾಠಕ್ಕೆ ಭಾರಿ ಬೆಲೆ ತೆತ್ತಿವೆ. ಎಚ್ಐವಿಗೆ ಕೊಡುವ ರಿಟೊನಾವಿರ್ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಅದುವರೆಗೆ ಯಾರೂ ಕಂಡಿರದ ಎರಡನೇ ರೂಪವೊಂದು ತಾನಾಗಿ ಕಾಣಿಸಿಕೊಂಡಿತು. ಹೆಚ್ಚು ಸ್ಥಿರ, ಆದರೆ ಕರಗುವುದು ಬಹಳ ಕಡಿಮೆ. ಆ ಬೀಜ ಹರಡಿದ ಜಾಗದಲ್ಲಿ ಹಳೆಯ ರೂಪವನ್ನು ಮತ್ತೆ ಪಡೆಯುವುದೇ ದುಸ್ತರವಾಯಿತು. ಕ್ಯಾಪ್ಸೂಲುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡು ಔಷಧಿಯನ್ನು ಬೇರೆ ರೀತಿಯಲ್ಲಿ ತಯಾರಿಸಬೇಕಾಯಿತು.

ಮೊದಲ ಪ್ರಯೋಗ: ತಣ್ಣಗೆ, ಅವಸರದಲ್ಲಿ

100 ಮಿಲಿ ನೀರಿಗೆ 1.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ (ಹರಳಿನೊಳಗೆ ನೀರಿನಂಶ ಇರುವ ಬಗೆ) ಹಾಕಿ ಕರಗಿಸಿ. ಲ್ಯಾಬಿನಲ್ಲಿ ತೇವ ಹೀರಲು ಇಡುವ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಆದರೆ 1.1 ಗ್ರಾಂ, ಗೊಬ್ಬರದ ನೈಟ್ರೇಟ್ ಆದರೆ 2.2 ಗ್ರಾಂ. ಇನ್ನೊಂದು ಬೀಕರಿನಲ್ಲಿ 100 ಮಿಲಿ ನೀರಿಗೆ 1.06 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೊನೇಟ್. ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಕರಗುವಾಗ ನೀರು ಬೆಚ್ಚಗಾಗುತ್ತದೆ, ಹಾಗಾಗಿ ಎರಡೂ ದ್ರಾವಣ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಕಾಯಿರಿ. ಆ ಉಷ್ಣಾಂಶ ಎಷ್ಟೆಂದು ಬರೆದುಕೊಳ್ಳಿ. ಡಿಸೆಂಬರ್ ಬೆಳಗಿನ ಚಿಕ್ಕಬಳ್ಳಾಪುರವೂ ಏಪ್ರಿಲ್ ಮಧ್ಯಾಹ್ನದ ಮುಳಬಾಗಿಲೂ ಒಂದೇ ‘ಕೋಣೆಯ ಉಷ್ಣಾಂಶ’ ಅಲ್ಲ.

ಈಗ ಒಂದನ್ನು ಇನ್ನೊಂದಕ್ಕೆ ಒಂದೇ ಸಲಕ್ಕೆ ಸುರಿದು ಕಲಕಿ. ತಕ್ಷಣ ಹಾಲಿನಂತಾಗಿ ಒಂದಿಷ್ಟು ಗಂಜಿಯ ಹಾಗೆ ದಪ್ಪವಾಗುತ್ತದೆ. ಆ ಕ್ಷಣದಲ್ಲಿರುವುದು ಹರಳೇ ಅಲ್ಲ, ಯಾವ ಕ್ರಮವೂ ಇಲ್ಲದ ಅಸ್ಫಟಿಕ ಕ್ಯಾಲ್ಸಿಯಂ ಕಾರ್ಬೊನೇಟ್. ಕೆಲವೇ ನಿಮಿಷಗಳಲ್ಲಿ ಅದು ಸಡಿಲವಾಗಿ ಪುಡಿಯಂತೆ ತಳಕ್ಕೆ ಇಳಿಯತೊಡಗುತ್ತದೆ. ಆಗ ಒಂದು ಹನಿಯನ್ನು ಸ್ಲೈಡಿಗೆ ಹಾಕಿ 400 ಪಟ್ಟು ಹಿಗ್ಗಿಸಿ ನೋಡಿ. ಪುಟ್ಟ ಪುಟ್ಟ ಗುಂಡುಗಳು ಕಂಡರೆ ಅದು ವ್ಯಾಟರೈಟ್. ಅಲ್ಲಲ್ಲಿ ಓರೆಯಾದ ಪೆಟ್ಟಿಗೆಯಂತಹ, ಚೂಪು ಅಂಚಿನ ಹರಳುಗಳಿದ್ದರೆ ಅವು ಕ್ಯಾಲ್ಸೈಟ್.

ಬೀಕರಿನಲ್ಲಿ ಅರ್ಧವನ್ನು ಆಗಲೇ ಸೋಸಿ, ನೀರಿನಿಂದ ತೊಳೆದು, ಕೊನೆಗೆ ಸರ್ಜಿಕಲ್ ಸ್ಪಿರಿಟ್ ಹಾಕಿ ನೀರಿನಂಶ ತೆಗೆದು ನೆರಳಲ್ಲಿ ಒಣಗಿಸಿ. ಒಲೆ, ಬರ್ನರ್ ಹತ್ತಿರ ಸ್ಪಿರಿಟ್ ತರಬೇಡಿ. ಉಳಿದರ್ಧ ಅದೇ ನೀರಿನಲ್ಲಿ ಇರಲಿ. ಗಂಟೆಗೊಂದು ಹನಿ ತೆಗೆದು ನೋಡುತ್ತಾ ಹೋದರೆ ಗುಂಡುಗಳು ಕಡಿಮೆಯಾಗಿ ಪೆಟ್ಟಿಗೆಗಳು ಹೆಚ್ಚುವುದು ಕಾಣುತ್ತದೆ. ಮರುದಿನ ಬೆಳಗ್ಗೆ ಹೊತ್ತಿಗೆ ಬಹುತೇಕ ಎಲ್ಲವೂ ಕ್ಯಾಲ್ಸೈಟ್ ಆಗಿರುತ್ತದೆ. ವ್ಯಾಟರೈಟ್ ಕ್ಯಾಲ್ಸೈಟ್‌ಗಿಂತ ಹೆಚ್ಚು ಕರಗುತ್ತದೆ. ಕರಗಿದ್ದು ಪಕ್ಕದ ಕ್ಯಾಲ್ಸೈಟ್ ಮೇಲೆ ಕೂರುತ್ತದೆ. ಗುಂಡೊಂದು ತಾನಿದ್ದಲ್ಲೇ ಪೆಟ್ಟಿಗೆಯಾಗಿ ರೂಪ ಬದಲಿಸುವುದಲ್ಲ, ಒಂದು ಸವೆದು ಮತ್ತೊಂದು ಬೆಳೆಯುವುದು. ಆದ್ದರಿಂದಲೇ ನೀರು ತೆಗೆದು ಒಣಗಿಸಿದ ಮೊದಲ ಅರ್ಧ ಹಾಗೇ ಉಳಿಯುತ್ತದೆ.

ಎರಡನೆಯದು: ಬಿಸಿಯಲ್ಲಿ, ನಿಧಾನವಾಗಿ

ಅದೇ ತೂಕ, ಅದೇ ನೀರು. ಈ ಸಲ ಎರಡೂ ಬೀಕರುಗಳನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 80 ಡಿಗ್ರಿಗೆ ತನ್ನಿ. ಆಮೇಲೆ ಕಾರ್ಬೊನೇಟನ್ನು ಪಿಪೆಟ್‌ನಿಂದ ಹನಿಹನಿಯಾಗಿ, ಕಲಕುತ್ತಾ, ಹತ್ತು ಹದಿನೈದು ನಿಮಿಷ ತೆಗೆದುಕೊಂಡು ಬಿಡಿ. ಕೈ ಬೇಸರ ಪಡುತ್ತದೆ, ಅವಸರ ಮಾಡಬೇಡಿ. ಉಷ್ಣಾಂಶ 60ಕ್ಕಿಂತ ಕೆಳಗಿಳಿದರೆ ಫಲಿತಾಂಶ ಕಲಬೆರಕೆಯಾಗುತ್ತದೆ. 40–50 ಡಿಗ್ರಿ ಹತ್ತಿರ ಮೂರೂ ರೂಪಗಳು ಒಟ್ಟಿಗೆ ಸಿಗಬಹುದು. ಅದನ್ನೂ ಒಮ್ಮೆ ಬೇಕೆಂದೇ ಮಾಡಿ ನೋಡಬಹುದು, ಆದರೆ ಬಿಡಿಸಿ ಗುರುತಿಸಲು ತಾಳ್ಮೆ ಬೇಕು.

ಮುಗಿದ ಕೂಡಲೇ ಬಿಸಿಯಾಗಿರುವಾಗಲೇ ಸೋಸಿ, ತೊಳೆದು, ಬೆಂಕಿಯಿಂದ ದೂರ ಬಂದು ಸ್ಪಿರಿಟ್ ಹಾಕಿ ಒಣಗಿಸಿ. ಮೈಕ್ರೋಸ್ಕೋಪಿನಲ್ಲಿ ಸೂಜಿಗಳು, ಸೂಜಿಗಳ ಕಟ್ಟುಗಳು ಕಾಣುತ್ತವೆ. ಅದೇ ಅರಗೊನೈಟ್. 100 ಪಟ್ಟು ಹಿಗ್ಗಿಸಿದರೂ ಸಾಕು. ನಡುವೆ ಕೆಲವು ಕ್ಯಾಲ್ಸೈಟ್ ಪೆಟ್ಟಿಗೆಗಳೂ ಇರುತ್ತವೆ, ಶುದ್ಧ ಅರಗೊನೈಟ್ ಬರಲಿಲ್ಲವೆಂದು ಕೊರಗಬೇಕಿಲ್ಲ. ದ್ರಾವಣದಲ್ಲಿಯೇ ಬಿಟ್ಟರೆ ಇದೂ ಕ್ಯಾಲ್ಸೈಟ್ ಕಡೆಗೆ ಹೊರಳುತ್ತದೆ, ಆದರೆ ವ್ಯಾಟರೈಟ್‌ನಷ್ಟು ಬೇಗ ಅಲ್ಲ.

ಮೂರನೆಯದು: ಪಕ್ಕಪಕ್ಕ ಎರಡು ಜಾಡಿ

ನನ್ನ ಮಟ್ಟಿಗೆ ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ಇದೇ. ಒಲೆ ಬೇಡ, ಅವಸರವಿಲ್ಲ, ವ್ಯತ್ಯಾಸ ಒಂದೇ ಒಂದು.

ಎರಡು ಅಗಲ ಬಾಯಿಯ ಗಾಜಿನ ಜಾಡಿ ತೆಗೆದುಕೊಳ್ಳಿ. ಎರಡಕ್ಕೂ ಅರ್ಧ ಲೀಟರ್ ಬ್ಯಾಟರಿ ನೀರು. ಪ್ರತಿಯೊಂದಕ್ಕೂ 0.74 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ. ಎರಡನೇ ಜಾಡಿಗೆ ಮಾತ್ರ 5.1 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಸೇರಿಸಿ. ಆಗ ಕ್ಯಾಲ್ಸಿಯಂ ಅಯಾನು ಒಂದಿದ್ದರೆ ಮೆಗ್ನೀಸಿಯಂ ಐದು. ಸಮುದ್ರದ ನೀರಿನಲ್ಲಿಯೂ ಹೆಚ್ಚುಕಡಿಮೆ ಇದೇ ಪ್ರಮಾಣ. ಎರಡರ ತಳದಲ್ಲೂ ತೊಳೆದ ಸ್ಲೈಡುಗಳನ್ನು ಮಲಗಿಸಿ. ಕೊನೆಗೆ ಪ್ರತಿ ಜಾಡಿಗೆ 0.84 ಗ್ರಾಂ ಅಡುಗೆ ಸೋಡಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಹಾಕಿ, ಧೂಳು ಬೀಳದಂತೆ ಬಾಯಿಗೆ ತೆಳು ಬಟ್ಟೆ ಕಟ್ಟಿ. ಮುಚ್ಚಳ ಹಾಕಬೇಡಿ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು, ಹೋದ ಹಾಗೆಲ್ಲ ಕಾರ್ಬೊನೇಟ್ ಹೆಚ್ಚಿ ಹರಳು ಕಟ್ಟುತ್ತದೆ. ಬೋರ್ ನೀರನ್ನು ಕಾಯಿಸಿ ಆರಲು ಬಿಟ್ಟಾಗ ಮೇಲೆ ಕೆನೆಯಂತೆ ತೇಲುವ ಬಿಳಿ ಪೊರೆಯ ಹಿಂದಿರುವುದೂ ಇದೇ ಕ್ರಿಯೆ.

ಜಾಡಿಗಳನ್ನು ಅಲುಗಾಡದ ಕಡೆ ಇಟ್ಟು ದಿನಕ್ಕೊಮ್ಮೆ ಒಂದೊಂದು ಸ್ಲೈಡ್ ತೆಗೆದು ನೋಡಿ. ಮೆಗ್ನೀಸಿಯಂ ಇಲ್ಲದ ಜಾಡಿಯಲ್ಲಿ ಹರಳುಗಳು ಬೇಗ ಬರುತ್ತವೆ, ಅಂಚುಗಳು ಚೊಕ್ಕವಾದ ಕ್ಯಾಲ್ಸೈಟ್. ಮೆಗ್ನೀಸಿಯಂ ಇರುವುದರಲ್ಲಿ ತಡವಾಗುತ್ತದೆ, ಕೆಲವು ದಿನ ಏನೂ ಕಾಣದೆಯೂ ಇರಬಹುದು. ಆಮೇಲೆ ಬರುವುದು ಬಹುಪಾಲು ಸೂಜಿಗಳ ಗೊಂಚಲು. ಬೆಳೆಯುತ್ತಿರುವ ಕ್ಯಾಲ್ಸೈಟ್‌ನ ಮೈಮೇಲೆ ಮೆಗ್ನೀಸಿಯಂ ಕೂತು ಅದರ ಬೆಳವಣಿಗೆ ತಡೆಯುತ್ತದೆ. ಸುತ್ತಲಿನ ನೀರಿನ ಅಣುಗಳನ್ನು ಮೆಗ್ನೀಸಿಯಂ ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ ಆ ಜಾಗ ಕೆಟ್ಟಂತೆಯೇ. ಅರಗೊನೈಟ್‌ನ ಜೋಡಣೆಯಲ್ಲಿ ಪುಟ್ಟ ಮೆಗ್ನೀಸಿಯಂಗೆ ಹೊಂದುವ ಜಾಗವಿಲ್ಲ, ಹಾಗಾಗಿ ಅದಕ್ಕೆ ಈ ಕಾಟವೂ ಕಡಿಮೆ. ಅರಗೊನೈಟ್ ಗೆಲ್ಲುವುದು ತನ್ನ ಬಲದಿಂದಲ್ಲ, ಎದುರಾಳಿಯ ಕಾಲು ಕಟ್ಟಿಹೋಗಿರುವುದರಿಂದ.

ಆಕಾರವನ್ನಷ್ಟೇ ನಂಬಬೇಡಿ

ಇಷ್ಟೊತ್ತು ಗುಂಡು, ಪೆಟ್ಟಿಗೆ, ಸೂಜಿ ಎಂದು ಹೇಳುತ್ತಾ ಬಂದೆ. ಅದು ಮೊದಲ ಅಂದಾಜಿಗೆ ಸರಿ, ತೀರ್ಪಿಗೆ ಸಾಲದು. ಹೊರಗಿನ ಆಕಾರ ಬೇರೆಯಾದ ಮಾತ್ರಕ್ಕೆ ಬಹುರೂಪವಾಗುವುದಿಲ್ಲ. ಕಲ್ಲುಸಕ್ಕರೆಯೂ ಪುಡಿ ಸಕ್ಕರೆಯೂ ನೋಡಲು ಎಷ್ಟು ಬೇರೆಯಾದರೂ ಒಳಗಿನ ಜೋಡಣೆ ಒಂದೇ, ಬೆಳೆದ ಗಾತ್ರ ಮಾತ್ರ ಬೇರೆ. ಕ್ಯಾಲ್ಸೈಟ್ ಸಹ ಚೂಪಾಗಿ, ಹಲ್ಲಿನ ಆಕಾರದಲ್ಲಿ ಬೆಳೆಯಬಲ್ಲದು.

ಹಾಗಾಗಿ ಬಣ್ಣದ ಪರೀಕ್ಷೆಯೊಂದನ್ನು ಸೇರಿಸಿಕೊಳ್ಳಿ. ಇದನ್ನು ಮನೆಯಲ್ಲಿ ಮಾಡಬೇಡಿ, ಉಪನ್ಯಾಸಕರ ಎದುರು ಲ್ಯಾಬಿನಲ್ಲೇ ಮಾಡಬೇಕು. ಲವಣ ವಿಶ್ಲೇಷಣೆಗೆಂದು ಇಟ್ಟಿರುವ ಕೋಬಾಲ್ಟ್ ನೈಟ್ರೇಟ್ ಬಹಳಷ್ಟು ಪಿಯು ಲ್ಯಾಬುಗಳ ಕಪಾಟಿನಲ್ಲಿರುತ್ತದೆ. ಶೇ 5ರಿಂದ 10ರ ದ್ರಾವಣ ಮಾಡಿ, ಚಿಟಿಕೆ ಪುಡಿ ಇರುವ ಪ್ರನಾಳಕ್ಕೆ ಹಾಕಿ, ಕುದಿಯುವ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಇಡಿ. ಆಮೇಲೆ ಪುಡಿಯನ್ನು ಚೆನ್ನಾಗಿ ತೊಳೆದು ನೋಡಿ. ಅರಗೊನೈಟ್ ನಸುನೇರಳೆಯಾಗುತ್ತದೆ. ಕ್ಯಾಲ್ಸೈಟ್ ಬಿಳಿಯಾಗಿಯೇ ಉಳಿಯುತ್ತದೆ, ಬಹಳ ಹೊತ್ತು ಕುದಿಸಿದರೆ ಮಾತ್ರ ತುಸು ನೀಲಿ ಅಡರುತ್ತದೆ. ವ್ಯಾಟರೈಟ್ ಕೂಡ ಬಣ್ಣ ಹಿಡಿಯುತ್ತದೆ, ಹಾಗಾಗಿ ಗುಂಡುಗಳಿರುವ ಮಾದರಿಗೆ ಈ ಪರೀಕ್ಷೆಯೊಂದೇ ಸಾಕಾಗದು. ಕೋಬಾಲ್ಟ್ ವಿಷಕಾರಿ. ಕೈಗವಸು ಹಾಕಿ, ತೊಳೆದ ನೀರನ್ನು ಸಿಂಕಿಗೆ ಚೆಲ್ಲದೆ ಬೇರೆ ಬಾಟಲಿಯಲ್ಲಿ ತುಂಬಿ ಹೆಸರು ಬರೆದಿಡಿ.

ಹೋಲಿಕೆಗೆ ಖಚಿತವಾಗಿ ಗೊತ್ತಿರುವ ಎರಡು ಮಾದರಿಗಳು ಜೊತೆಯಲ್ಲೇ ಕುದಿಯಬೇಕು, ಇಲ್ಲದಿದ್ದರೆ ಬಣ್ಣ ಬಂತೋ ಇಲ್ಲವೋ ಎಂಬುದೇ ಜಗಳವಾಗುತ್ತದೆ. ಇವಕ್ಕೆ ದುಡ್ಡು ಖರ್ಚಿಲ್ಲ. ಕೋಳಿಮೊಟ್ಟೆಯ ಚಿಪ್ಪು ಕ್ಯಾಲ್ಸೈಟ್, ಒಳಪೊರೆ ಬಿಡಿಸಿ ಪುಡಿ ಮಾಡಿ. ಬಸವನಹುಳುವಿನ ಚಿಪ್ಪು ಬಹುತೇಕ ಅರಗೊನೈಟ್, ಕೆರೆಯಂಗಳದಲ್ಲಿ ಸಿಗುವ ಕಪ್ಪೆಚಿಪ್ಪೂ ಅದೇ. ಮಳೆಗಾಲ ಮುಗಿದ ಮೇಲೆ ಬದುಗಳಲ್ಲಿ ಖಾಲಿ ಚಿಪ್ಪುಗಳು ಬೇಕಾದಷ್ಟು ಸಿಗುತ್ತವೆ. ಶುಚಿ ಮಾಡಲೆಂದು ಅವನ್ನು ಬೆಂಕಿಗೆ ಹಾಕಬೇಡಿ: 400 ಡಿಗ್ರಿ ದಾಟಿದರೆ ಅರಗೊನೈಟ್ ಒಣಗಿದ ಸ್ಥಿತಿಯಲ್ಲೇ ಕ್ಯಾಲ್ಸೈಟ್ ಆಗಿಬಿಡುತ್ತದೆ, ನಿಮ್ಮ ಅಳತೆಗೋಲೇ ಹಾಳಾಗುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ತೊಂದರೆಯಿಲ್ಲ.

ಕೊನೆಯ ಮಾತು ಹೇಳುವುದು ಎಕ್ಸ್-ರೇ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಪುಡಿಯ ಎಕ್ಸ್-ರೇ ವಿವರ್ತನೆ ಯಂತ್ರಗಳಿವೆ, ಪುಡಿಗೆ ಬಿದ್ದ ಎಕ್ಸ್-ರೇ ಯಾವ ಕೋನಗಳಲ್ಲಿ ಚದುರುತ್ತದೆ ಎಂಬುದರಿಂದ ಒಳಗಿನ ಜೋಡಣೆಯನ್ನು ಗುರುತಿಸುತ್ತವೆ. ಕಾಲೇಜಿನ ಮೂಲಕ ಪತ್ರ ಬರೆದು ಕೇಳಬಹುದು. ತಾಮ್ರದಿಂದ ಹೊಮ್ಮಿಸಿದ ಎಕ್ಸ್-ರೇ ಬಳಸಿದಾಗ ಕ್ಯಾಲ್ಸೈಟ್‌ನ ಅತಿ ಎತ್ತರದ ಶಿಖರ 29.4 ಡಿಗ್ರಿ ಕೋನದ ಹತ್ತಿರ, ಅರಗೊನೈಟ್‌ನದು 26.2 ಹತ್ತಿರ ಬರುತ್ತದೆ. ವ್ಯಾಟರೈಟ್ 24.9 ಮತ್ತು 27ರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೊಟ್ಟ ಪುಡಿ ಒಣಗಿರಲಿ, ಕಡ್ಡಾಯವಾಗಿ.

ಗಂಧಕದ ಬಗ್ಗೆ ಒಂದು ಮಾತು

ಬಹುರೂಪ ಎಂದೊಡನೆ ಪಠ್ಯಪುಸ್ತಕ ಓದಿದವರು ಗಂಧಕ ಕೇಳುತ್ತಾರೆ. 95.5 ಡಿಗ್ರಿಗಿಂತ ಕೆಳಗೆ ಅದರದು ರಾಂಬಿಕ್ ಎಂಬ ಹರಳು ರೂಪ, ಮೇಲೆ ಮೊನೊಕ್ಲಿನಿಕ್ ಎಂಬ ರೂಪ. ಕರಗಿಸಿದ ಗಂಧಕವನ್ನು ಫಿಲ್ಟರ್ ಪೇಪರಿನ ಶಂಕುವಿಗೆ ಸುರಿದು, ಮೇಲೆ ಗಟ್ಟಿ ಪದರ ಕಟ್ಟಿದ ಕೂಡಲೇ ಬಿಡಿಸಿದರೆ ಮೊನೊಕ್ಲಿನಿಕ್ ಸೂಜಿಗಳು ಸಿಗುತ್ತವೆ. ಇಟ್ಟರೆ ಹೊಳಪು ಕಳೆದುಕೊಂಡು ರಾಂಬಿಕ್ ಆಗುತ್ತವೆ. ನೋಡಲು ಸೊಗಸು, ಆದರೆ ಹೊತ್ತಿಕೊಂಡರೆ ಬರುವ ಸಲ್ಫರ್ ಡೈಆಕ್ಸೈಡ್ ಉಸಿರು ಕಟ್ಟಿಸುತ್ತದೆ. ಹೊಗೆ ಹೀರುವ ವ್ಯವಸ್ಥೆ ಇಲ್ಲದ ಲ್ಯಾಬಿನಲ್ಲಿ ಬೇಡ. ದ್ರಾಕ್ಷಿಯ ಬೂದಿ ರೋಗಕ್ಕೆ ಹೊಡೆಯುವ ನೀರಿನಲ್ಲಿ ಕಲಸುವ ಗಂಧಕವಂತೂ ಬೇಡವೇ ಬೇಡ, ಅದರಲ್ಲಿ ಬೇರೆ ಪದಾರ್ಥಗಳು ಬೆರೆತಿರುತ್ತವೆ.

ನಿಮ್ಮ ಮನೆಯ ಪದರದಲ್ಲಿ ಏನಿದೆ

ಇಷ್ಟು ಕೈಗೆ ಬಂದ ಮೇಲೆ ನಿಜವಾದ ಕುತೂಹಲದ ಕೆಲಸ ಶುರುವಾಗುತ್ತದೆ. ಸೋಲಾರ್ ಟ್ಯಾಂಕಿನ ಪದರ, ಡ್ರಿಪ್ ಪೈಪಿನ ಪುಡಿ, ಸ್ನಾನದ ಬಕೆಟ್ಟಿನ ಅಂಚು, ಗೀಸರ್ ಕಾಯಿಲ್, ಪ್ರತಿಯೊಂದರಿಂದ ಅರ್ಧ ಚಮಚ ಕೆರೆದು ಬೇರೆ ಬೇರೆ ಪೊಟ್ಟಣ ಕಟ್ಟಿ. ಪೊಟ್ಟಣದ ಮೇಲೆ ಬೋರ್‌ವೆಲ್‌ನ ಆಳ, ಆ ಜಾಗದಲ್ಲಿ ನೀರಿನ ಉಷ್ಣಾಂಶ, ಪದರ ಕಟ್ಟಲು ಹಿಡಿದ ಕಾಲ ಬರೆಯಿರಿ. ನೀರಿನ ಪರೀಕ್ಷೆ ಮಾಡಿಸಿದ್ದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಕಿಗಳನ್ನೂ ಬರೆಯಿರಿ. ಬರೀ ‘ಒಟ್ಟು ಗಡಸುತನ’ ಎಂಬ ಒಂದೇ ಅಂಕಿ ಈ ಕೆಲಸಕ್ಕೆ ಬಾರದು. ಎಲ್ಲವನ್ನೂ ಮೊಟ್ಟೆಚಿಪ್ಪು, ಬಸವನಹುಳುವಿನ ಚಿಪ್ಪಿನ ಜೊತೆ ಕೋಬಾಲ್ಟ್ ಪರೀಕ್ಷೆಗೆ ಹಾಕಿ. ದಪ್ಪ ಪದರವನ್ನು ಒಟ್ಟಿಗೆ ಪುಡಿ ಮಾಡುವ ಬದಲು ಲೋಹಕ್ಕೆ ಅಂಟಿದ ಬದಿ, ನೀರಿಗೆ ತಾಗಿದ ಬದಿ ಎಂದು ಬೇರ್ಪಡಿಸಿ ನೋಡಿದರೆ ಇನ್ನೂ ಒಳ್ಳೆಯದು. ಎರಡು ಬದಿಗಳು ಹುಟ್ಟಿದ ಕಾಲ ಬೇರೆ, ರೂಪವೂ ಬೇರೆಯಿರಬಹುದು.

ಪೈಪಿಗೆ ಅಯಸ್ಕಾಂತದ ಪಟ್ಟಿ ಕಟ್ಟಿದರೆ ಗಟ್ಟಿ ಪದರ ಕಟ್ಟುವ ಕ್ಯಾಲ್ಸೈಟ್ ಬದಲು ಅರಗೊನೈಟ್ ಹುಟ್ಟಿ ಕೊಚ್ಚಿಹೋಗುತ್ತದೆ ಎಂದು ಮಾರುವವರು ಊರೂರಿಗೆ ಬರುತ್ತಾರೆ. ಅಂಥವರು ಬಂದಾಗ ಪಟ್ಟಿ ಕಟ್ಟುವ ಮೊದಲೇ ಟ್ಯಾಂಕಿನ ಪದರದ ಒಂದು ಪೊಟ್ಟಣ ತೆಗೆದಿಡಿ. ಬಿಸಿ ಟ್ಯಾಂಕಿನಲ್ಲಿ ಪಟ್ಟಿಯ ಹಂಗಿಲ್ಲದೆಯೂ ಅರಗೊನೈಟ್ ಹುಟ್ಟಬಲ್ಲದು. ಮೊದಲೇ ಇದ್ದ ನೇರಳೆ ಬಣ್ಣವನ್ನು ಆಮೇಲೆ ತೋರಿಸಿ ದುಡ್ಡು ಕೇಳಿದರೆ, ಹಳೆಯ ಪೊಟ್ಟಣ ಬಿಚ್ಚಿ ಎದುರಿಗಿಡಿ.